ಬೀದರಿಗೊಂದು ಕನ್ನಡ ಪುಸ್ತಕದಂಗಡಿ



2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಣೆಯಾದಾಗ ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಬೆಳಗಾಗುವ ಹೊತ್ತಿಗೆ ಆ ಸುದ್ದಿ ಬೀದರಿನ ಚಹಾದಂಗಡಿಯಲ್ಲೂ ಇತ್ತು, ಭಾಲ್ಕಿಯ ಬಸ್ ನಿಲ್ದಾಣದಲ್ಲೂ ಇತ್ತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ 'ಹಾರ್ಟ್ ಲ್ಯಾಂಪ್' ಕನ್ನಡಕ್ಕೆ ಮೊದಲ ಸಲ ಆ ಗೌರವ ತಂದುಕೊಟ್ಟಿತು. ಹಾಸನದ ಲೇಖಕಿ, ಮನೆಯಲ್ಲಿ ದಖನಿ ಮಾತು, ಬರವಣಿಗೆ ಕನ್ನಡದಲ್ಲಿ. ಬೀದರಿನಲ್ಲಿ ಇಂಥ ಮನೆಗಳು ಓಣಿ ಓಣಿಗೂ ಇವೆ. ಮನೆಮಗಳ ಸುದ್ದಿ ಕೇಳಿದಂತೆಯೇ ನಮ್ಮ ಜನ ಅದನ್ನು ಕೇಳಿ ಸಂಭ್ರಮಪಟ್ಟರು.

ಸುದ್ದಿಯೇನೋ ಬಂತು, ಪುಸ್ತಕ ಬರಲಿಲ್ಲ. ಆ ದಿನಗಳಲ್ಲಿ ಬೀದರಿನ ಒಂದು ಅಂಗಡಿಯಲ್ಲಿ ನಾನು ನಿಂತಿದ್ದಾಗ ಕಾಲೇಜು ಓದುವ ಹುಡುಗಿಯೊಬ್ಬಳು ಬಂದು ಕೇಳಿದಳು.

"ಕಾಕಾ, ಬಾನು ಮುಷ್ತಾಕ್ ಅವರ ಕನ್ನಡ ಪುಸ್ತಕ ಅದಾವೇನ್ರಿ?"

"ಇಲ್ಲವ್ವಾ. ಕಲಬುರಗಿಗೆ ಹೇಳಿ ತರಸ್ತೀನಿ. ಎಂಟ್ ದಿನ ಬಿಟ್ಟು ಬಾ."

"ಎಂಟ್ ದಿನ ಅಂದ್ರ ನಾ ಊರಾಗಿರ್ತೀನ್ರಿ, ಔರಾದದಾಗ. ಪರೀಕ್ಷಾ ಮುಗದಾವ."

ಅಂಗಡಿಯವರು ಒಳ್ಳೆಯವರು. ಅವಳ ಎದುರಿಗೇ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಹಳೆಯ ಡೈರಿ ತೆಗೆದು ಪುಸ್ತಕದ ಹೆಸರು ಬರೆದುಕೊಂಡರು. ಅವಳು ಹೋದ ಮೇಲೆ ಆ ಡೈರಿಯನ್ನು ನಾನು ಕೇಳಿ ನೋಡಿದೆ. ಜನ ಕೇಳಿ ಸಿಗದೆ ಹೋದ ಪುಸ್ತಕಗಳ ಪಟ್ಟಿ ಅದು. ತೇಜಸ್ವಿಯವರ 'ಕರ್ವಾಲೊ' ಇತ್ತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇತ್ತು. ಮಕ್ಕಳಿಗೆ ಚಿತ್ರವಿರುವ ವಿಜ್ಞಾನದ ಪುಸ್ತಕ, ಯಾವುದಾದರೂ ಸರಿ, ಎಂದು ಒಂದು ಕಡೆ ಬರೆದಿತ್ತು. ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು' ಇತ್ತು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ, ನಮ್ಮದೇ ಸೀಮೆಯ ಬದುಕು, ನಮ್ಮದೇ ಮಾತು. ಅದೂ ಪಕ್ಕದ ಜಿಲ್ಲೆಯಿಂದ ಇಲ್ಲಿಗೆ ಬಂದು ಮುಟ್ಟಿರಲಿಲ್ಲ. ಕೆಲವು ಹೆಸರುಗಳ ಮುಂದೆ ಗೀಟು ಎಳೆದಿತ್ತು, ಅಂದರೆ ತರಿಸಿ ಕೊಟ್ಟಾಗಿದೆ. ಗೀಟು ಇಲ್ಲದ ಹೆಸರುಗಳೇ ಹೆಚ್ಚು.

ಬೀದರಿನಲ್ಲಿ ಓದುವವರಿಲ್ಲ ಎಂದು ಹೇಳುವವರಿಗೆ ಆ ಡೈರಿಯ ಪುಟಗಳನ್ನು ತೋರಿಸಬೇಕು ಎಂದು ನನಗೆ ಅನ್ನಿಸಿತು. ಇವತ್ತು ನಿಮ್ಮೆದುರು ನಾನು ಇಡಬೇಕೆಂದಿರುವ ಮಾತೂ ಅದೇ. ಈ ಜಿಲ್ಲೆಯಲ್ಲಿ ಓದುಗರಿದ್ದಾರೆ, ಬರೆಯುವವರಿದ್ದಾರೆ, ಪುಸ್ತಕವನ್ನು ತಲೆಯ ಮೇಲೆ ಹೊತ್ತು ಮೆರೆಸುವ ಜನರಿದ್ದಾರೆ. ಇವರೆಲ್ಲ ಬಂದು ಸೇರುವ ಒಂದು ಅಂಗಡಿ, ಸಾಹಿತ್ಯಕ್ಕೆಂದೇ ಬಾಗಿಲು ತೆರೆಯುವ ಒಂದು ಕನ್ನಡ ಪುಸ್ತಕದಂಗಡಿ ಇಲ್ಲಿ ಬೇಕು. ಅದು ಆಗುವ ಕೆಲಸವೂ ಹೌದು.

ಬೀದರಿನಲ್ಲಿ ಪುಸ್ತಕದ ಅಂಗಡಿಗಳೇ ಇಲ್ಲ ಎಂದು ಯಾರೂ ತಿಳಿಯಬಾರದು. ಜೂನ್ ತಿಂಗಳಲ್ಲಿ ಅವುಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಪಠ್ಯಪುಸ್ತಕ, ನೋಟ್‌ಬುಕ್, ಗೈಡು, ನೀಟ್ ಪರೀಕ್ಷೆಯ ದಪ್ಪ ಪುಸ್ತಕಗಳು, ಪೊಲೀಸ್ ನೇಮಕಾತಿ, ಪಿಡಿಒ, ಶಿಕ್ಷಕರ ಪರೀಕ್ಷೆಯ ಪ್ರಶ್ನೋತ್ತರಗಳು. ಬಡವರ ಮನೆಯ ಮಕ್ಕಳು ಸರ್ಕಾರಿ ನೌಕರಿಗೆ ಏರಿದ್ದು ಈ ಪುಸ್ತಕಗಳ ಬಲದಿಂದಲೇ. ಅದನ್ನು ಹಗುರವಾಗಿ ನೋಡುವ ಸಾಹಿತಿಗಳ ಮಾತು ನನಗೆ ಹಿಡಿಸುವುದಿಲ್ಲ. ಆದರೆ ಅದೇ ಅಂಗಡಿಯ ಕೊನೆಯ ಕಪಾಟಿನಲ್ಲಿ, ಕೆಳಗಿನ ಅರೆಯಲ್ಲಿ, ಒಂದಷ್ಟು ವಚನ ಸಂಪುಟಗಳು, ಒಂದೆರಡು ಭೈರಪ್ಪ, ಒಂದು ಮಂಕುತಿಮ್ಮನ ಕಗ್ಗ ಮಾತ್ರ ಉಳಿದುಕೊಂಡಿರುತ್ತವೆ. ನೌಕರಿ ಸಿಕ್ಕ ಮೇಲೆ ಆ ಹುಡುಗ ಓದಬೇಕಾದದ್ದು ಆ ಅರೆಯಲ್ಲಿ ಇರಬೇಕಿತ್ತು.

ಊರಿನ ಇತಿಹಾಸ ಬಲ್ಲವರಿಗೆ ಈ ಕೊರತೆ ಇನ್ನೂ ಚುಚ್ಚುತ್ತದೆ. ಗವಾನ್ ಚೌಕದಿಂದ ನಾಲ್ಕು ಹೆಜ್ಜೆ ನಡೆದರೆ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು, ಮುಂಭಾಗದಲ್ಲಿ ಬಣ್ಣದ ಹೆಂಚಿನ ಕೆಲಸ, ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದು. ಅದರೊಳಗಿನ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಬರೆಯುತ್ತಾರೆ. ಅಚ್ಚಿನ ಯಂತ್ರ ಹಿಂದೂಸ್ಥಾನಕ್ಕೆ ಕಾಲಿಡುವ ಮೊದಲಿನ ಮಾತು ಇದು. ದಖನಿ ಭಾಷೆಯ ಮೊದಲ ದೊಡ್ಡ ಕಾವ್ಯವೆಂದು ಹೆಸರಾದ ನಿಜಾಮಿಯ 'ಕದಮ್ ರಾವ್ ಪದಮ್ ರಾವ್' ಹದಿನೈದನೆಯ ಶತಮಾನದಲ್ಲಿ ಹುಟ್ಟಿದ್ದೂ ಬಹಮನಿಯರ ಆಳ್ವಿಕೆಯಲ್ಲಿಯೇ. ಇತ್ತ ಬಸವಕಲ್ಯಾಣದಲ್ಲಿ ಅದಕ್ಕಿಂತ ಮುನ್ನೂರು ವರ್ಷ ಹಿಂದೆಯೇ ಶರಣರು ಮಾತಿಗೆ ಕುಳಿತಿದ್ದರು. ಬರೆದದ್ದನ್ನು ಓದಿ ಹೇಳಿ ಚರ್ಚಿಸುವುದು ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ.

ಆಮೇಲೆ ನಿಜಾಮರ ಕಾಲ. ಆ ಕಾಲದ ಕತೆ ಹೇಳುವಾಗ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯದೆ ಮುಂದೆ ಹೋಗಲು ಆಗುವುದಿಲ್ಲ. ಅವರು ಹುಟ್ಟಿದ್ದು 1890ರಲ್ಲಿ, ಆಗ ಔರಾದ್ ಸೀಮೆಗೆ ಸೇರಿದ್ದ ಕಮಲನಗರದಲ್ಲಿ. ಲಿಂಗೈಕ್ಯರಾದದ್ದು 1999ರಲ್ಲಿ. ನೂರೆಂಟು ವರ್ಷ ಬಾಳಿದರು. ನಿಜಾಮರ ರಾಜ್ಯದಲ್ಲಿ ಆಡಳಿತ ಉರ್ದುವಿನಲ್ಲಿ, ಶಾಲೆ ಉರ್ದುವಿನಲ್ಲಿ. ಕನ್ನಡ ಕಲಿಸುತ್ತೇವೆಂದು ಬಾಗಿಲಿಗೆ ಬರೆದು ಹಾಕಿದರೆ ಶಾಲೆ ನಡೆಯುವಂತಿರಲಿಲ್ಲ. ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ಪಟ್ಟದ್ದೇವರ ಶಾಲೆ. ಬೀದರ್ ಜಿಲ್ಲೆಯ ಯಾವ ಹಿರಿಯರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಭಿಕ್ಷೆ ಎತ್ತಿ ಮಕ್ಕಳನ್ನು ಇಟ್ಟುಕೊಂಡು, ಉಣ್ಣಿಸಿ, ಜಾತಿ ಕೇಳದೆ ಓದಿಸಿದರು. ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಹಾಗೆ ಬೆಳೆಯಿತು. ಇವತ್ತು ಭಾಲ್ಕಿ, ಕಮಲನಗರ, ಔರಾದದಲ್ಲಿ ಕನ್ನಡ ಓದಲು ಬರುವ ಎಷ್ಟೋ ಮನೆತನಗಳ ಮೊದಲ ಅಕ್ಷರಸ್ಥರು ಆ ಶಾಲೆಗಳಿಂದ ಬಂದವರು. ಬೀದರ್ ನಗರದ ರಂಗಮಂದಿರಕ್ಕೆ ಪಟ್ಟದ್ದೇವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಜಿಲ್ಲೆಯ ಎಷ್ಟೋ ಪುಸ್ತಕಗಳು ಬಿಡುಗಡೆಯಾಗುವುದು ಆ ಮಂದಿರದಲ್ಲೇ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಭಾಷಾವಾರು ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಒಡೆದು ಉದಗೀರ, ನಿಲಂಗಾ, ಅಹಮದಪುರ ಮರಾಠಿ ಕಡೆ ಹೋದವು, ನಾವು ಕನ್ನಡದ ಕಡೆ ಬಂದೆವು. ಗೆರೆ ಎಳೆದದ್ದು ನಕ್ಷೆಯ ಮೇಲೆ. ಬೀಗತನ, ಸಂತೆ, ದವಾಖಾನೆ ಮೊದಲಿನಂತೆಯೇ ನಡೆದವು. ಪುಸ್ತಕದ ಸಾಗಾಟ ಮಾತ್ರ ಹೊಸ ದಾರಿ ಹಿಡಿಯಬೇಕಾಯಿತು. ಕನ್ನಡ ಪುಸ್ತಕ ಹೆಚ್ಚಾಗಿ ಅಚ್ಚಾಗುವುದು ಬೆಂಗಳೂರು, ಮೈಸೂರು, ಧಾರವಾಡ, ಗದಗಗಳಲ್ಲಿ. ಬೆಂಗಳೂರಿನಿಂದ ಬೀದರಿಗೆ ಸುಮಾರು ಏಳುನೂರು ಕಿಲೋಮೀಟರು. ಬೀದರಿನಿಂದ ಕಲಬುರಗಿಗೆ ನೇರ ರೈಲುದಾರಿ ತೆರೆದದ್ದೇ 2017ರಲ್ಲಿ. ರಾಜ್ಯದ ತುತ್ತತುದಿಗೆ ಬರುವ ಹೊತ್ತಿಗೆ ಪುಸ್ತಕದ ಗಂಟು ದಾರಿಯಲ್ಲೇ ಕರಗಿ ಹೋಗಿರುತ್ತದೆ.

ಈ ದೂರವನ್ನು ನಮ್ಮ ಜನ ತಮ್ಮದೇ ರೀತಿಯಲ್ಲಿ ತುಂಬಿಕೊಂಡರು. ಭಾಲ್ಕಿಯ ಹಿರೇಮಠ ಪುಸ್ತಕ ಪ್ರಕಟಿಸುತ್ತದೆ. ಬಸವಲಿಂಗ ಪಟ್ಟದ್ದೇವರ ನೇತೃತ್ವದಲ್ಲಿ ಅಲ್ಲಿನ ಬಸವ ಧರ್ಮ ಪ್ರಸಾರ ಸಂಸ್ಥೆ ಶರಣರ ಚರಿತ್ರೆ, ವಚನ ವ್ಯಾಖ್ಯಾನ, ಸಣ್ಣ ಸಣ್ಣ ಕಿರುಹೊತ್ತಗೆಗಳನ್ನು ಹೊರತಂದಿದೆ. ಚನ್ನಬಸವಾಶ್ರಮದ ಶರಣ ಸಂಗಮಕ್ಕೆ ಹಳ್ಳಿಗಳಿಂದ ಜನ ಬಂದು ಕುಳಿತು ಉಪನ್ಯಾಸ ಕೇಳುತ್ತಾರೆ. ಬೀದರಿನಲ್ಲಿ ಬಸವ ಸೇವಾ ಪ್ರತಿಷ್ಠಾನದವರ ವಚನ ವಿಜಯೋತ್ಸವದ ದಿನ ಗುರುವಚನ ಎಂದು ಕರೆಯುವ ವಚನ ಗ್ರಂಥದ ಕಟ್ಟನ್ನು ತಲೆಯ ಮೇಲೆ ಹೊತ್ತು ಹೆಣ್ಣುಮಕ್ಕಳು ಮೆರವಣಿಗೆಯಲ್ಲಿ ನಡೆಯುತ್ತಾರೆ. ಇಳಕಲ್ ಸೀರೆ, ತಲೆಯ ಮೇಲೆ ಮಡಿಸಿದ ಬಟ್ಟೆ, ಅದರ ಮೇಲೆ ಪುಸ್ತಕ, ಒಂದು ಕೈ ಅದನ್ನು ಹಿಡಿದಿರುತ್ತದೆ. ಆ ಪುಸ್ತಕ ಓದಲು ಬಾರದ ಅಜ್ಜಿಯೂ ಆ ಸಾಲಿನಲ್ಲಿರುತ್ತಾಳೆ. ಕನ್ನಡ ನಾಡಿನಲ್ಲಿ ಪುಸ್ತಕಕ್ಕೆ ಇಷ್ಟು ಮರ್ಯಾದೆ ಸಿಗುವ ಜಾಗಗಳನ್ನು ಬೆರಳ ಮೇಲೆ ಎಣಿಸಬಹುದು.

ಹಾಗಾಗಿ ಪುಸ್ತಕದಂಗಡಿ ಮಾಡಬೇಕಾದ ಕೆಲಸದಲ್ಲಿ ಬಹುಪಾಲನ್ನು ಇಲ್ಲಿ ಮಠಗಳೂ ಪ್ರತಿಷ್ಠಾನಗಳೂ ಇಷ್ಟು ಕಾಲ ಮಾಡಿವೆ. ಸುದ್ದಿ ತಿಳಿಸಿವೆ, ಜನರನ್ನು ಕೂಡಿಸಿವೆ, ಓದಿ ಹೇಳಿವೆ, ಕಡಿಮೆ ಬೆಲೆಗೆ ಕೈಗೆ ಕೊಟ್ಟಿವೆ. ಇದಕ್ಕೆ ನಾವು ಋಣಿಗಳು. ಆದರೂ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಮಠ ತನ್ನ ಧ್ಯೇಯಕ್ಕೆ ತಕ್ಕ ಪುಸ್ತಕ ಕೊಡುತ್ತದೆ, ಕೊಡಬೇಕಾದದ್ದೂ ಅದನ್ನೇ. ಕಾದಂಬರಿ, ಅನುವಾದ, ನಾಟಕ, ಮಕ್ಕಳ ಕತೆ, ಹೊಲದ ಮಣ್ಣಿನ ಬಗ್ಗೆ ಬರೆದ ವಿಜ್ಞಾನದ ಪುಸ್ತಕ, ನಮಗೆ ಒಪ್ಪಿಗೆಯಾಗದ ವಿಚಾರದ ಪುಸ್ತಕ, ಇವನ್ನೆಲ್ಲ ಒಂದೇ ಮೇಜಿನ ಮೇಲೆ ಪಕ್ಕ ಪಕ್ಕ ಇಡುವುದು ಅಂಗಡಿಯ ಕೆಲಸ. ಕೊಳ್ಳುವವನು ಯಾವ ಜಾತಿ, ಯಾವ ಪಂಥ, ಯಾರ ಶಿಷ್ಯ ಎಂದು ಅಂಗಡಿ ಕೇಳುವುದಿಲ್ಲ.

ಇನ್ನು ಪುಸ್ತಕ ಬಿಡುಗಡೆಗಳ ವಿಷಯ. ನಮ್ಮ ಜಿಲ್ಲೆಯಲ್ಲಿ ಎಷ್ಟು ಪುಸ್ತಕ ಬಿಡುಗಡೆಯಾಗುತ್ತವೆ ಎಂಬುದನ್ನು ಪತ್ರಿಕೆ ನೋಡುವವರೆಲ್ಲ ಬಲ್ಲರು. ಶಿಕ್ಷಕರು, ಬ್ಯಾಂಕಿನವರು, ನಿವೃತ್ತ ತಹಶೀಲ್ದಾರರು, ಅಂಗನವಾಡಿ ಕಾರ್ಯಕರ್ತೆಯರು ಕವಿತೆ ಬರೆದು, ಕೈಯಿಂದ ಹಣ ಹಾಕಿ ಐನೂರು ಪ್ರತಿ ಅಚ್ಚು ಹಾಕಿಸುತ್ತಾರೆ. ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿಯುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೋ ಬರುತ್ತದೆ. ಸಭಾಂಗಣದ ಬಾಗಿಲಲ್ಲಿ ಅರ್ಧ ಬೆಲೆಗೆ ಮೂವತ್ತು ನಲವತ್ತು ಪ್ರತಿ ಹೋಗುತ್ತವೆ. ಮರುದಿನ ಪತ್ರಿಕೆಯಲ್ಲಿ ಸುದ್ದಿ ಓದಿದವರು ಆ ಪುಸ್ತಕ ಬೇಕೆಂದರೆ ಎಲ್ಲಿಗೆ ಹೋಗಬೇಕು? ಅದು ಯಾವ ಅಂಗಡಿಯಲ್ಲೂ ಇರುವುದಿಲ್ಲ. ಉಳಿದ ನಾಲ್ಕುನೂರಕ್ಕೂ ಹೆಚ್ಚು ಪ್ರತಿ ಲೇಖಕರ ಮನೆಯ ಮಂಚದ ಕೆಳಗೆ ಕಟ್ಟು ಬಿಚ್ಚದೆ ಕೂತಿರುತ್ತವೆ. ಮದುವೆಗೆ, ಗೃಹಪ್ರವೇಶಕ್ಕೆ ಹೋದಾಗ ಒಂದೊಂದು ಪ್ರತಿ ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಬಂದ ಪುಸ್ತಕವನ್ನು ಜನ ಟೀವಿಯ ಪಕ್ಕದಲ್ಲಿಡುತ್ತಾರೆ. ಇದರಲ್ಲಿ ಲೇಖಕನ ಮರ್ಯಾದೆಯೂ ಹೋಯಿತು, ಓದುಗನಿಗೂ ಏನೂ ದಕ್ಕಲಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಇಲ್ಲಿ ಕೊಳ್ಳುವವರೇ ಇಲ್ಲ ಎಂದಲ್ಲ. ಬೀದರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮತ್ತೆ ಮತ್ತೆ ನಡೆದಿದೆ. ಡಿ.ಎಲ್. ನರಸಿಂಹಾಚಾರ್ಯರು ಇಲ್ಲಿ ಅಧ್ಯಕ್ಷತೆ ವಹಿಸಿದ್ದರು, 1985ರಲ್ಲಿ ಹಾ.ಮಾ. ನಾಯಕರು, 2006ರಲ್ಲಿ ಶಾಂತರಸರು. ಮೂರು ದಿನದ ಪುಸ್ತಕ ಮಳಿಗೆಗಳಲ್ಲಿ ಜನ ನುಗ್ಗಿ ಕೊಂಡರು. ನಾಲ್ಕನೆಯ ದಿನ ಮಳಿಗೆ ಕಿತ್ತರು. ಆ ಮೂರು ದಿನ ಇದ್ದ ಓದುಗರು ನಾಲ್ಕನೆಯ ದಿನ ಎಲ್ಲಿಗೂ ಓಡಿ ಹೋಗಿರಲಿಲ್ಲ.

ಅಂಗಡಿ ಅಂದರೆ ಹೇಗಿರಬೇಕು ಎಂದು ಕೇಳಿದರೆ ನಾನು ಧಾರವಾಡದ ಕಡೆಗೆ ಬೆರಳು ಮಾಡುತ್ತೇನೆ. ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ್ದು. ಕೆಳಗೆ ಪೇಟೆಯ ಗದ್ದಲ, ಮೆಟ್ಟಿಲು ಹತ್ತಿ ಹೋದರೆ ಮೇಲೆ ಒಂದು ಅಟ್ಟ. ಪುಸ್ತಕದ ರಾಶಿಗಳ ನಡುವೆ ಕುಳಿತು ಕೀರ್ತಿನಾಥ ಕುರ್ತಕೋಟಿಯವರು ಹಸ್ತಪ್ರತಿ ಓದಿ ಮಾತಾಡಿದ ಜಾಗ ಅದು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಹೊರಬಂದದ್ದು ಅಲ್ಲಿಂದ. ಅಟ್ಟಕ್ಕೆ ಬಂದವರೆಲ್ಲ ಪುಸ್ತಕ ಕೊಂಡವರಲ್ಲ. ಬಂದರು, ಕೂತರು, ಜಗಳವಾಡಿದರು, ಚಹಾ ಕುಡಿದರು, ಹೊಸದಾಗಿ ಯಾರು ಏನು ಬರೆಯುತ್ತಿದ್ದಾರೆಂದು ತಿಳಿದುಕೊಂಡು ಹೋದರು. ಆ ಮಾತುಕತೆಯಿಂದಲೇ ಮುಂದಿನ ಪುಸ್ತಕ ಹುಟ್ಟುತ್ತಿತ್ತು. ಇದರ ಹಿಂದೆ ಒಂದು ವ್ಯಾವಹಾರಿಕ ಜಾಣತನವೂ ಇತ್ತು. ಗ್ರಂಥಮಾಲೆ ನಡೆದದ್ದು ಚಂದಾದಾರರ ಮೇಲೆ. ವರ್ಷಕ್ಕೆ ಇಷ್ಟು ಎಂದು ಮೊದಲೇ ಹಣ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳು ಮನೆಗೆ ಬರುತ್ತಿದ್ದವು. ಅಚ್ಚಿಗೆ ಮೊದಲೇ ಓದುಗ ಗೊತ್ತಿರುತ್ತಿದ್ದ.

ಧಾರವಾಡದಲ್ಲಿರುವಂಥ ಹಳೆಯ ವಿಶ್ವವಿದ್ಯಾಲಯ, ಅಷ್ಟೊಂದು ಸಾಹಿತಿಗಳು ನಮ್ಮಲ್ಲಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಹತ್ತಿರದ ಉದಾಹರಣೆ ಕಲಬುರಗಿಯಲ್ಲೇ ಇದೆ. ಬಸವರಾಜ ಕೊನೇಕ್ ಅವರ ಸಿದ್ಧಲಿಂಗೇಶ್ವರ ಪ್ರಕಾಶನ ಮತ್ತು ಬುಕ್ ಡಿಪೋ. ಪಠ್ಯಪುಸ್ತಕದ ವ್ಯಾಪಾರವನ್ನೂ ಇಟ್ಟುಕೊಂಡು, ಅದರ ಆಸರೆಯಲ್ಲಿ ಈ ಭಾಗದ ಲೇಖಕರ ನೂರಾರು ಪುಸ್ತಕ ತಂದ ಸಂಸ್ಥೆ. ಬೀದರ್, ಯಾದಗಿರಿ, ರಾಯಚೂರಿನ ಹೊಸ ಲೇಖಕರಿಗೆ ಮೊದಲ ಬಾಗಿಲು ತೆರೆದದ್ದು ಅಲ್ಲಿ. ಬಳ್ಳಾರಿಯಲ್ಲಿ ಸಿ. ಚನ್ನಬಸವಣ್ಣನವರ ಲೋಹಿಯಾ ಪ್ರಕಾಶನ ಒಬ್ಬರ ಛಲದಿಂದ ನಿಂತದ್ದು. ಇನ್ನೂ ಹಿಂದೆ ಹೋದರೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ' ತಂದು, ಮುಂದೆ ಮನೆ ಮಾರಿಕೊಂಡು ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು. ಉತ್ತರ ಕರ್ನಾಟಕದಲ್ಲಿ ಪುಸ್ತಕ ಜನರ ಕೈಗೆ ಮುಟ್ಟಿದ್ದು ಹೀಗೆ, ಹೊತ್ತು ತಂದವರಿಂದ.

ಆದರೆ ಈಗ ಮನೆ ಮಾರಿಕೊಳ್ಳಿರಿ ಎಂದು ನಾನು ಯಾರಿಗೂ ಹೇಳಲಾರೆ. ತ್ಯಾಗದ ಮೇಲೆ ನಿಂತ ಅಂಗಡಿ ಆ ಮನುಷ್ಯನ ಕಾಲಕ್ಕೇ ಮುಗಿಯುತ್ತದೆ. ಲೆಕ್ಕ ಕೂಡಿದರೆ ಮಾತ್ರ ಅಂಗಡಿ ಉಳಿಯುತ್ತದೆ. ಸ್ವಲ್ಪ ಲೆಕ್ಕ ನೋಡೋಣ. ಪ್ರಕಾಶಕರು ಅಂಗಡಿಯವರಿಗೆ ಸಾಮಾನ್ಯವಾಗಿ ನೂರಕ್ಕೆ 25ರಿಂದ 35 ರಿಯಾಯಿತಿ ಕೊಡುತ್ತಾರೆ. 200 ರೂಪಾಯಿಯ ಪುಸ್ತಕಕ್ಕೆ 30ರ ರಿಯಾಯಿತಿ ಹಿಡಿದರೆ ಅಂಗಡಿಗೆ ಉಳಿಯುವುದು 60 ರೂಪಾಯಿ. ದಿನಕ್ಕೆ ಹತ್ತು ಪುಸ್ತಕ ಮಾರಿದರೆ 600. ತಿಂಗಳಿಗೆ 18 ಸಾವಿರ. ಇದರಲ್ಲೇ ಬಾಡಿಗೆ, ಕರೆಂಟು, ಸಹಾಯಕ ಹುಡುಗನ ಪಗಾರ, ಲಾರಿ ಬಾಡಿಗೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂಬುದೊಂದು ಸಮಾಧಾನ. ಗಿರಾಕಿ ಹತ್ತು ಪರ್ಸೆಂಟ್ ಬಿಡಿರಿ ಎಂದರೆ ಆ 60ರಲ್ಲಿ 20 ಹೋಯಿತು. ಮೊಬೈಲಿನಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ ಎಂದು ಚೌಕಾಸಿ ಮಾಡುವವರು ಈ ಲೆಕ್ಕ ನೆನಪಿಡಬೇಕು. ಅಂಗಡಿಯಲ್ಲಿ ನಿಂತು ಪುಟ ತಿರುವಿ, ಚೆನ್ನಾಗಿದೆ ಎಂದು ತಿಳಿದುಕೊಂಡು, ಮನೆಗೆ ಹೋಗಿ ಮೊಬೈಲಿನಲ್ಲಿ ತರಿಸಿಕೊಂಡರೆ ಆ ಅಂಗಡಿ ಮುಂದಿನ ವರ್ಷ ಇರುವುದಿಲ್ಲ.

ಅಂಚೆಯ ಪೆಟ್ಟೂ ಬಿತ್ತು. ಪುಸ್ತಕಕ್ಕೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ಬೆಂಗಳೂರಿನ ಓದುಗನಿಗೆ ಇದು ಅಷ್ಟಾಗಿ ತಟ್ಟಲಿಲ್ಲ. ಔರಾದಿನ ಶಿಕ್ಷಕನಿಗೆ ತಟ್ಟಿತು, ಏಕೆಂದರೆ ಅವನಿಗೆ ಇದ್ದ ಪುಸ್ತಕದಂಗಡಿ ಎಂದರೆ ಊರಿನ ಅಂಚೆ ಕಚೇರಿಯೇ. ಪ್ರಕಾಶಕರು, ಓದುಗರು ದನಿಯೆತ್ತಿದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಹೊಸ ಸೇವೆ ಬಂದಿದೆ. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಐದು ಕಿಲೋ ಅಂದರೆ ಇಪ್ಪತ್ತು ಪುಸ್ತಕಕ್ಕೆ ಮೋಸವಿಲ್ಲ. ಸಣ್ಣ ಊರಿನ ಸಣ್ಣ ಅಂಗಡಿ ಕಟ್ಟುವವರಿಗೆ ಇದು ನಿಜವಾದ ಅನುಕೂಲ. ಒಬ್ಬೊಬ್ಬರೇ ತರಿಸಿಕೊಳ್ಳುವ ಬದಲು ಅಂಗಡಿಯ ಡೈರಿಯಲ್ಲಿ ಹದಿನೈದು ಇಪ್ಪತ್ತು ಹೆಸರು ಕೂಡಿದ ಮೇಲೆ ಒಂದೇ ಗಂಟು ತರಿಸಿದರೆ ಪುಸ್ತಕಕ್ಕೆ ಐದಾರು ರೂಪಾಯಿಯಲ್ಲಿ ಸಾಗಾಟ ಮುಗಿಯುತ್ತದೆ.

ಬಂಡವಾಳದ ಮಾತಿಗೆ ಬಂದರೆ, ಬೀದರ್ ಜಿಲ್ಲೆಗೆ ಸಹಕಾರವನ್ನು ಯಾರೂ ಕಲಿಸಬೇಕಾಗಿಲ್ಲ. ಇಲ್ಲಿನ ಡಿಸಿಸಿ ಬ್ಯಾಂಕು ಸ್ವಸಹಾಯ ಗುಂಪುಗಳನ್ನು ಬೆಳೆಸಿದ ರೀತಿ ದೇಶದಲ್ಲೇ ಹೆಸರಾಯಿತು. ತಿಂಗಳಿಗಿಷ್ಟು ಹಾಕಿ ಎಮ್ಮೆ ಕೊಂಡ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಕಲಬುರಗಿಯಲ್ಲಿ ಕನ್ನಡ ನಾಡು ಲೇಖಕರ ಮತ್ತು ಓದುಗರ ಸಹಕಾರ ಸಂಘ ಪುಸ್ತಕ ಪ್ರಕಟಿಸುತ್ತಿದೆ. ಅದೇ ದಾರಿಯಲ್ಲಿ ಇನ್ನೂರು ಜನ ಸಾವಿರ ಸಾವಿರ ರೂಪಾಯಿಯ ಷೇರು ಹಾಕಿದರೆ ಎರಡು ಲಕ್ಷ. ಚಿಕ್ಕ ಅಂಗಡಿಯ ಮೊದಲ ದಾಸ್ತಾನಿಗೆ ಅಷ್ಟು ಸಾಕು. ಸದಸ್ಯನಾದವನು ಪುಸ್ತಕ ಕೊಳ್ಳಲು ತನ್ನ ಅಂಗಡಿಗೇ ಬರುತ್ತಾನೆ. ನಿವೃತ್ತ ಶಿಕ್ಷಕರ ಸಂಖ್ಯೆಯೇ ಈ ಜಿಲ್ಲೆಯಲ್ಲಿ ಸಣ್ಣದಲ್ಲ. ಅವರಲ್ಲಿ ಇನ್ನೂರು ಜನ ಸಿಗರೇ?

ಔರಾದ್ ಬಗ್ಗೆ ಬೇರೆಯಾಗಿಯೇ ಮಾತಾಡಬೇಕು. ಬೀದರಿನಲ್ಲಿ ನಡೆಯುವ ಅಂಗಡಿಯನ್ನು ಹಾಗೆಯೇ ಎತ್ತಿ ಔರಾದಿನಲ್ಲಿ ಇಟ್ಟರೆ ನಡೆಯುವುದಿಲ್ಲ. ಅಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ತಾಂಡಾಗಳಲ್ಲಿ ಲಂಬಾಣಿ, ತೆಲಂಗಾಣದ ಕಡೆಯ ಹಳ್ಳಿಗಳಲ್ಲಿ ತೆಲುಗು. ಮರಾಠಿ ಮಾಧ್ಯಮದಲ್ಲಿ ಓದಿದ ಹಿರಿಯರು ಉದಗೀರದಿಂದ ದೀಪಾವಳಿ ಅಂಕ ತರಿಸಿಕೊಂಡು ಓದುತ್ತಾರೆ. 2022ರ ಏಪ್ರಿಲ್‌ನಲ್ಲಿ ಉದಗೀರದಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು, ತೊಂಬತ್ತೈದನೆಯದು. ಒಂದು ಕಾಲಕ್ಕೆ ಬೀದರ್ ಜಿಲ್ಲೆಯ ತಾಲ್ಲೂಕಾಗಿದ್ದ ಊರು. ಮಹಾರಾಷ್ಟ್ರದವರು ಸಾತಾರಾ ಜಿಲ್ಲೆಯ ಭಿಲಾರ ಎಂಬ ಹಳ್ಳಿಯನ್ನು 2017ರಲ್ಲಿ ಪುಸ್ತಕಗಳ ಊರು ಮಾಡಿದರು. ಮನೆಗಳಲ್ಲಿ, ಗುಡಿಯಲ್ಲಿ, ಶಾಲೆಯಲ್ಲಿ ಪುಸ್ತಕ ಇಟ್ಟು ಬಂದವರಿಗೆ ಓದಲು ಕೊಡುತ್ತಾರೆ. ನಮ್ಮ ಗಡಿಯಲ್ಲಿ ನಿಂತು ಇದನ್ನು ಪೈಪೋಟಿ ಎಂದು ನೋಡುವುದರಲ್ಲಿ ಅರ್ಥವಿಲ್ಲ. ಔರಾದಿನ ಅಂಗಡಿಯಲ್ಲಿ ಕನ್ನಡದ ಜೊತೆಗೆ ಒಂದು ಅರೆ ಮರಾಠಿ, ಒಂದು ಅರೆ ಉರ್ದು ಇರಲಿ. ಮರಾಠಿ ಪುಸ್ತಕಕ್ಕೆ ಬಂದವರು ಪಕ್ಕದಲ್ಲಿ ಅದೇ ಲೇಖಕರ ಕನ್ನಡ ಅನುವಾದ ನೋಡಿ ಮಗಳಿಗೆಂದು ಒಯ್ಯುತ್ತಾರೆ. ಸೊಲ್ಲಾಪುರದಲ್ಲಿ ಹುಟ್ಟಿ, ಬಸವಕಲ್ಯಾಣದಲ್ಲಿ ನೆಲೆಸಿ, 1974ರ ಮಂಡ್ಯ ಸಮ್ಮೇಳನದಲ್ಲಿ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರು ಎರಡೂ ಭಾಷೆಯಲ್ಲಿ ಬರೆದವರು. ಈ ಸೀಮೆಯಲ್ಲಿ ಒಂದು ಭಾಷೆಯನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಔರಾದಿನಲ್ಲಿ ವರ್ಷವಿಡೀ ತೆರೆದಿರುವ ಅಂಗಡಿ ಮೊದಲ ದಿನವೇ ಆಗದಿದ್ದರೂ ಶಿವರಾತ್ರಿಯ ಅಮರೇಶ್ವರ ಜಾತ್ರೆಯಲ್ಲಿ ಒಂದು ಮಳಿಗೆ ಹಾಕಬಹುದು. ಬಳೆ, ಪೀಪಿ, ಬೆಂಡು ಬತ್ತಾಸಿನ ಅಂಗಡಿಗಳ ನಡುವೆ ಇಪ್ಪತ್ತು ಮೂವತ್ತು ರೂಪಾಯಿಯ ಮಕ್ಕಳ ಪುಸ್ತಕ ಇಟ್ಟರೆ ಹೋಗುತ್ತವೆ. ಅಪ್ಪನ ಹೆಗಲ ಮೇಲೆ ಕೂತ ಮಗು ಚಿತ್ರ ನೋಡಿ ಕೈ ಚಾಚಿದರೆ ಅಪ್ಪ ಇಲ್ಲ ಎನ್ನುವುದಿಲ್ಲ. ಸಂತೆಯ ದಿನ ಭಾಲ್ಕಿಯಿಂದ ಒಂದು ಗಾಡಿ ಬಂದು ಹೋದರೂ ಆದೀತು.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡಿಕೊಂಡರು. ಅಲ್ಲಿ ಓದಿನ ರುಚಿ ಹತ್ತಿದ ಮಗು ತನ್ನದೇ ಆದ ಒಂದು ಪುಸ್ತಕ ಬೇಕೆಂದು ಕೇಳುತ್ತದೆ. ಅಂಗಡಿ ಬೇಕಾಗುವುದು ಆಗ. ಗ್ರಂಥಾಲಯ ಇದ್ದರೆ ಅಂಗಡಿಗೆ ನಷ್ಟ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎರಡೂ ಇರುವ ಊರುಗಳಲ್ಲೇ ಓದು ಬೆಳೆದಿದೆ.

ಅಂಗಡಿ ಎಂದಮೇಲೆ ಒಂದು ಬೆಂಚು ಬೇಕು. ಬಾಗಿಲ ಪಕ್ಕದಲ್ಲಿ ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಈ ವಾರ ಬಂದ ಪುಸ್ತಕ, ಯಾರಿಗೆ ಪ್ರಶಸ್ತಿ ಬಂತು, ಯಾರು ತೀರಿಕೊಂಡರು, ಶನಿವಾರ ಸಂಜೆ ಯಾರು ಓದುತ್ತಾರೆ. ಶಾಲು ಹಾರ ಬೇಡ, ಸ್ವಾಗತ ವಂದನಾರ್ಪಣೆ ಬೇಡ. ಜಿಲ್ಲೆಯ ಲೇಖಕರೊಬ್ಬರು ತಮ್ಮ ಪುಸ್ತಕದ ನಾಲ್ಕು ಪುಟ ಓದಲಿ, ಕೇಳಿದವರು ಪ್ರಶ್ನೆ ಕೇಳಲಿ. ಮಂಚದ ಕೆಳಗಿನ ಕಟ್ಟುಗಳಲ್ಲಿ ಹತ್ತು ಹತ್ತು ಪ್ರತಿ ಅಲ್ಲಿಗೆ ಬರಲಿ, ಬೀದರ್ ಜಿಲ್ಲೆಯ ಲೇಖಕರು ಎಂದು ಒಂದು ಕಪಾಟು ಕಣ್ಣಿಗೆ ಕಾಣುವ ಜಾಗದಲ್ಲಿರಲಿ, ಪೂರ್ತಿ ಬೆಲೆಗೆ ಮಾರಾಟವಾಗಲಿ. ತನ್ನ ಪುಸ್ತಕವನ್ನು ಗುರುತು ಪರಿಚಯವಿಲ್ಲದ ಒಬ್ಬರು ದುಡ್ಡು ಕೊಟ್ಟು ಕೊಂಡರೆಂಬ ಸುದ್ದಿ ಒಬ್ಬ ಹೊಸ ಕವಿಗೆ ಹತ್ತು ಸನ್ಮಾನಕ್ಕಿಂತ ದೊಡ್ಡದು.

ಬಂಧುಗಳೇ, ಹೊಸ ಅಂಗಡಿ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಈ ತಿಂಗಳು ನಿಮ್ಮ ಊರಿನ ಪುಸ್ತಕದಂಗಡಿಗೆ, ಅದು ಗೈಡು ಮಾರುವ ಅಂಗಡಿಯೇ ಆಗಿರಲಿ, ಹೋಗಿ ನಿಮಗೆ ಬೇಕಾದ ಒಂದು ಕನ್ನಡ ಪುಸ್ತಕದ ಹೆಸರು ಹೇಳಿ ಬರೆಸಿರಿ. ಮುಂಗಡವಾಗಿ ಅರ್ಧ ಹಣ ಕೊಡಿರಿ. ಪುಸ್ತಕ ಬಂದ ದಿನ ತಪ್ಪದೆ ಹೋಗಿ ತನ್ನಿರಿ, ರಿಯಾಯಿತಿ ಕೇಳಬೇಡಿರಿ. ಮದುವೆಗೆ, ನಿವೃತ್ತಿಗೆ, ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವಾಗ ಅದೇ ಅಂಗಡಿಯಿಂದ ಪುಸ್ತಕ ಕೊಳ್ಳಿರಿ. ಶಾಲೆಯ ಮುಖ್ಯಗುರುಗಳು ಬಹುಮಾನಕ್ಕೆ ಸ್ಟೀಲ್ ಲೋಟದ ಬದಲು ಪುಸ್ತಕ ತರಿಸಲಿ. ಬೀದರಿನಲ್ಲಿ ನೂರು ಜನ, ಭಾಲ್ಕಿಯಲ್ಲಿ ಐವತ್ತು ಜನ, ಔರಾದಿನಲ್ಲಿ ಇಪ್ಪತ್ತೈದು ಜನ ಒಂದು ವರ್ಷ ಹೀಗೆ ನಡೆದುಕೊಂಡರೆ ಅಂಗಡಿಯವರು ತಾವಾಗಿಯೇ ಆ ಕೊನೆಯ ಕಪಾಟನ್ನು ಬಾಗಿಲ ಹತ್ತಿರಕ್ಕೆ ತರುತ್ತಾರೆ.